ಹೊಟ್ಟೆಬಾಕ

ಕೊಳೆತ ಕಿತ್ತಳೆಯ ಮತ್ತೊಂದು ಕ್ರೇಟನ್ನು ತೊಟ್ಟಿಯ ಬಾಯಿಗೆ ಸುರಿದು ಫಿಟ್ಟರು ಉದ್ದನೆಯ ಕೋಲಿನಿಂದ ಒಳಕ್ಕೆ ತಳ್ಳಿದರು. ಹಣ್ಣುಗಳು ಮೆತ್ತಗಾಗಿ ಬೂಷ್ಟು ಹಿಡಿದಿದ್ದವು. ಕೋಲು ತಾಗಿದ ಕಡೆ ಪಿಚಕ್ಕೆಂದು ಒಡೆದು ಹುಳಿನೀರು ಅವರ ಮೊಣಕೈವರೆಗೆ ಸಿಡಿಯುತ್ತಿತ್ತು. "ತಿನ್ನು," ಎಂದರು. "ತಿನ್ನೋ. ನಿನಗೇನು, ಯಾರು ಏನು ಕೊಟ್ರೂ ತಿಂತೀಯಲ್ಲ."

ನಡುಮಧ್ಯಾಹ್ನ. ಓಣಿಯ ಗಂಡಸರು ಕೆಲಸಕ್ಕೆ ಹೋಗಿದ್ದರು, ಹೆಂಗಸರು ಬಾಗಿಲು ಮುಂದೆ ಮಾಡಿಕೊಂಡು ಅಡ್ಡಾಗಿದ್ದರು. ಸೊಸೆ ಊರಲ್ಲಿರಲಿಲ್ಲ. ಕಿತ್ತಳೆ, ನಿಂಬೆಯನ್ನು ಈ ತೊಟ್ಟಿಯ ಹತ್ತಿರಕ್ಕೂ ಸುಳಿಯಗೊಡಬಾರದೆಂದು ಅವಳಿಗೆ ಮೊದಲ ದಿನವೇ ಕಲಿಸಿದ್ದು ಫಿಟ್ಟರು. "ಹುಳಿ ಹೆಚ್ಚಾದ್ರೆ ಒಳಗಿರೋ ಜೀವ ಸಾಯುತ್ತೆ. ಜೀವ ಸತ್ರೆ ಇದು ಬರೀ ಕೊಚ್ಚೆಗುಂಡಿ," ಎಂದಿದ್ದರು. ಈಗ ಹಣ್ಣಿನ ಮಂಡಿಯವನು ಎಸೆಯಲು ಇಟ್ಟಿದ್ದ ರಾಶಿಯನ್ನು ತಾವೇ ಕೈಗಾಡಿಗೆ ತುಂಬಿಸಿಕೊಂಡು ಬಂದು, ಕಳ್ಳನ ಹಾಗೆ ಆಚೀಚೆ ನೋಡುತ್ತ ಸುರಿಯುತ್ತಿದ್ದರು.

ತೊಟ್ಟಿ ಕಟ್ಟಿದ್ದು ಅವರೂ ಅವರ ಮಗನೂ. ಓಣಿಯ ಕೊನೆಯಲ್ಲಿ, ತರಕಾರಿ ಮಾರುಕಟ್ಟೆಯ ಹಿಂಗೋಡೆಗೆ ತಾಗಿ, ಯಾರಿಗೂ ಬೇಡವಾದ ಒಂದು ಜಾಗ ಬಿದ್ದಿತ್ತು. ನೀರು ಸರಬರಾಜಿನಲ್ಲಿ ಜೀವಮಾನವಿಡೀ ಪೈಪು ಜೋಡಿಸಿ, ನಿವೃತ್ತರಾಗಿ ಮನೆಯಲ್ಲಿ ಕೂತು ಎಲ್ಲರ ಮೇಲೂ ಸಿಡುಕುತ್ತಿದ್ದ ಅಪ್ಪನಿಗೆ ಏನಾದರೊಂದು ಕೆಲಸ ಹಚ್ಚಬೇಕೆಂದು ಮಗನೇ ಇದನ್ನು ಶುರುಮಾಡಿದ್ದ. ನೆಲದೊಳಗೆ ಬಾವಿಯಂತೆ ದುಂಡಗೆ ತೋಡಿ ಸಿಮೆಂಟು ಮಾಡಿದ ತೊಟ್ಟಿ. ಅದರ ಮೇಲೆ ಬೋರಲು ಹಾಕಿದ ದೊಡ್ಡ ಕಬ್ಬಿಣದ ಡ್ರಮ್ಮು. ಮಾರುಕಟ್ಟೆಯ ಕೊಳೆತ ಸೊಪ್ಪು, ಹೋಟೆಲುಗಳ ಎಂಜಲು, ಎಲ್ಲವನ್ನೂ ಕೊಚ್ಚಿ ನೀರು ಬೆರೆಸಿ ಬಿಟ್ಟರೆ ಒಳಗೇ ಕೊಳೆತು, ಗ್ಯಾಸಾಗಿ, ಡ್ರಮ್ಮನ್ನು ಮೇಲಕ್ಕೆತ್ತುತ್ತಿತ್ತು. ಅಲ್ಲಿಂದ ಪೈಪು, ಪೈಪಿನಿಂದ ಓಣಿಯ ಎರಡೂ ಸಾಲಿನ ಮನೆಗಳ ಒಲೆಗೆ. ಇವತ್ತು ಎಷ್ಟು ಹಾಕಿದರೂ ನಾಳೆ ಮತ್ತೆ ಬಾಯಿ ತೆರೆದುಕೊಂಡು ಕೂತಿರುತ್ತಿದ್ದ ಅದಕ್ಕೆ ಹೊಟ್ಟೆಬಾಕ ಎಂದು ಹೆಸರಿಟ್ಟವನೂ ಮಗನೇ.

ಮಗ ಹೋಗಿ ಕೆಲವು ವರ್ಷಗಳಾಗಿದ್ದವು. ರಕ್ತದ ಕಾಯಿಲೆ, ಹಿಡಿದರೆ ಬಿಡುವಂಥದ್ದಲ್ಲ. ಮಕ್ಕಳಾಗಿರಲಿಲ್ಲ. ಫಿಟ್ಟರ ಹೆಂಡತಿ ಅದಕ್ಕೂ ಎಷ್ಟೋ ಮೊದಲೇ ಕಣ್ಣು ಮುಚ್ಚಿದ್ದರು. ಸೊಸೆ ತವರಿಗೆ ಹೋಗುತ್ತಾಳೆಂದು ಎಲ್ಲರೂ ಅಂದುಕೊಂಡರು; ಅವಳು ಹೋಗಲಿಲ್ಲ. ಒಂದು ಬೆಳಿಗ್ಗೆ ಗಂಡನ ರಬ್ಬರ್ ಬೂಟಿನೊಳಗೆ ಹಳೆಬಟ್ಟೆ ತುರುಕಿ ತನ್ನ ಕಾಲಿಗೆ ಸರಿಮಾಡಿಕೊಂಡು, ಕೈಗಾಡಿ ತಳ್ಳುತ್ತ ಮಾರುಕಟ್ಟೆಗೆ ಹೊರಟಳು. ಆವತ್ತಿನಿಂದಲೇ ಫಿಟ್ಟರನ್ನು ಮಾವ ಎನ್ನುವುದು ಬಿಟ್ಟು ಅಪ್ಪ ಎನ್ನತೊಡಗಿದಳು. ಯಾರೂ ಹೇಳಿಕೊಟ್ಟದ್ದಲ್ಲ.

ಕನ್ನಡಕದ ಅಂಗಡಿಯವನು ಅವರ ಬದುಕಿನೊಳಗೆ ಬಂದದ್ದು ಹೋದ ಬೇಸಿಗೆಯಲ್ಲಿ. ಬಸ್ಸಿನಲ್ಲಿ ಎರಡು ಮೂರು ಗಂಟೆ ದಾರಿಯ ಊರಿನವನು. ಮಾರುಕಟ್ಟೆಯವರ ಕಣ್ಣು ಪರೀಕ್ಷೆಗೆಂದು ಬಂದು, ಫಿಟ್ಟರಿಗೊಂದು ಕನ್ನಡಕ ಕೊಟ್ಟು, ಅದರ ಕಾಲು ಸಡಿಲವಾಗಿದೆಯೇನೋ ನೋಡಲು ಮತ್ತೆ ಬಂದ. ಆಮೇಲೆ ಬಿಗಿಯಾಯಿತೇನೋ ನೋಡಲು ಬಂದ. "ಇಷ್ಟು ಸಲ ಕನ್ನಡಕ ನೋಡೋಕೆ ಬಂದ ಮಹಾಶಯ ಒಂದು ಸಲಾನೂ ಕನ್ನಡಕದ ಕಡೆ ನೋಡ್ಲಿಲ್ಲ," ಎಂದು ಪಕ್ಕದ ಮನೆಯ ಟೈಲರಮ್ಮ ಸೂಜಿ ಹಲ್ಲಲ್ಲಿ ಕಚ್ಚಿಕೊಂಡೇ ನಕ್ಕಿದ್ದಳು. ನಲವತ್ತರ ಹತ್ತಿರದ ಸಂಕೋಚದ ಮನುಷ್ಯ, ತಾಯಿಯೊಬ್ಬಳ ಜೊತೆ ಇದ್ದವನು. ಒಂದು ದಿನ ಅಂಗಿಯ ತೋಳು ಮಡಚಿ ಸಹಾಯಕ್ಕೆ ಹೋಗಿ, ಎಂಜಲ ಬಕೆಟ್ಟನ್ನು ತನ್ನ ಮೈಮೇಲೇ ಕವುಚಿಕೊಂಡ. ಆಗ ಸೊಸೆ ನಕ್ಕದ್ದನ್ನು ಫಿಟ್ಟರು ಮನೆಯೊಳಗಿನಿಂದ ಕೇಳಿದ್ದರು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದ ಹಾಗೆ ನಕ್ಕ ನಗು. ಅವಳಿಗೆ ಹಾಗೆ ನಗಲು ಬರುತ್ತದೆಂಬುದನ್ನೇ ಅವರು ಮರೆತಿದ್ದರು.

ಅವನು ಮದುವೆಯ ಮಾತೆತ್ತಿದ. ಸೊಸೆ ಬೇಡ ಎನ್ನಲಿಲ್ಲ, ಹ್ಞೂಂ ಎನ್ನಲೂ ಇಲ್ಲ. ಫಿಟ್ಟರು ಕೇಳಿದಾಗಲೆಲ್ಲ ಅವಳದು ಒಂದೇ ಉತ್ತರ: "ಹೊಟ್ಟೆಬಾಕನ್ನ ಯಾರು ನೋಡ್ಕೋತಾರೆ ಅಪ್ಪ? ನಿಮ್ಮ ಕೈಲಿ ಬುಟ್ಟಿ ಎತ್ತೋಕಾಗುತ್ತಾ? ಓಣಿಯೋರ ಒಲೆ ಆರಿಸಿ ನಾನು ಮದುವೆ ಮಾಡ್ಕೊಳ್ಳಾ?"

ಇವತ್ತು ಬೆಳಿಗ್ಗೆ ಟೈಲರಮ್ಮನ ಒತ್ತಾಯಕ್ಕೆ ಅವಳ ಜೊತೆ ಅವನ ಮನೆ ನೋಡಲು ಹೋಗಿದ್ದಳು. "ಬರೀ ನೋಡ್ಕೊಂಡು ಬರ್ತೀನಿ," ಎಂದಿದ್ದಳು. ಹೊರಡುವ ಮುಂಚೆ ಹೊಸಬಟ್ಟೆಯಲ್ಲೇ ಡ್ರಮ್ಮಿನ ಸುತ್ತ ಒಂದು ಸುತ್ತು ಬಂದು, ಅದರ ಬೆನ್ನು ತಟ್ಟಿ ಹೋದಳು. ಅದನ್ನು ನೋಡಿಯೇ ಫಿಟ್ಟರು ಗಟ್ಟಿ ಮನಸ್ಸು ಮಾಡಿದ್ದು. ಈ ಹಗ್ಗ ಕಡಿಯದಿದ್ದರೆ ಇವಳು ಬಿಡಿಸಿಕೊಳ್ಳುವವಳಲ್ಲ. ತಾವು ಸತ್ತ ಮೇಲೂ, ಅವಳ ತಲೆ ನೆರೆತ ಮೇಲೂ, ಆ ದೊಡ್ಡ ಬೂಟು ಹಾಕಿಕೊಂಡು ಕೊಳೆತ ಸೊಪ್ಪು ಕೊಚ್ಚುತ್ತಲೇ ಇರುತ್ತಾಳೆ.

ಅಷ್ಟನ್ನೂ ಸುರಿದು ಮುಗಿಸಿ, ಖಾಲಿ ಕ್ರೇಟುಗಳನ್ನು ಷೆಡ್ಡಿನ ಹಿಂದೆ ಪೇರಿಸಿ ಗೋಣಿ ಮುಚ್ಚಿದರು. ಆಮೇಲೆ ಬಹಳ ಹೊತ್ತು ಕೈ ತೊಳೆದರು.

ಸಂಜೆ ಸೊಸೆ ಬಂದಾಗ ಅವಳ ಮುಖ ಬೆಳಗುತ್ತಿತ್ತು. ಚಪ್ಪಲಿ ಬಿಡುತ್ತಲೇ, "ಅಪ್ಪ, ಒಂದು ಮಾತು ಹೇಳ್ಬೇಕು," ಎಂದಳು. ಫಿಟ್ಟರಿಗೆ ಅವಳ ಕಣ್ಣನ್ನು ಎದುರಿಸಲಾಗಲಿಲ್ಲ. "ತಲೆ ಸಿಡೀತಿದೆ ಮಗಳೇ, ನಾಳೆ ಹೇಳು," ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಅವಳು ಅವರ ಹಣೆ ಮುಟ್ಟಿ ನೋಡಿ, ಹೊದಿಕೆ ಎಳೆದು, ದೀಪ ಸಣ್ಣದು ಮಾಡಿ ಹೋದಳು.

ಮರುದಿನ ಹೇಳುವುದಾಗಲಿ ಕೇಳುವುದಾಗಲಿ ಆಗಲಿಲ್ಲ. ಡ್ರಮ್ಮು ಎಂದಿಗಿಂತ ಎತ್ತರಕ್ಕೆ ಎದ್ದು ನಿಂತಿತ್ತು, ಆದರೆ ಒಲೆ ಹತ್ತಲಿಲ್ಲ. ಕಡ್ಡಿ ಗೀರಿ ಹಿಡಿದರೆ ಬುಸ್ಸೆಂದು ಬಂದ ಗಾಳಿ ಕಡ್ಡಿಯನ್ನೇ ಆರಿಸುತ್ತಿತ್ತು. ಓಣಿಯುದ್ದಕ್ಕೂ ಬಾಗಿಲುಗಳು ತೆರೆದುಕೊಂಡವು. "ಹೊಟ್ಟೆಬಾಕನಿಗೆ ಅಜೀರ್ಣ ಆದ್ರೆ ನಮಗೆ ಉಪವಾಸ ನೋಡಿ," ಎನ್ನುತ್ತ ಟೈಲರಮ್ಮ ಕಾಯಿಸದ ಹಾಲಿನ ಪಾತ್ರೆ ಹಿಡಿದೇ ಬಂದಳು. ಸೊಸೆ ತೊಟ್ಟಿಯ ಬಾಯಿಗೆ ಬಗ್ಗಿ ಮೂಸಿದಳು. ಹುಳಿ ಅಳೆಯುವ ಕಾಗದದ ಚೂರೊಂದನ್ನು ಅದ್ದಿ ಮೇಲೆತ್ತಿದಳು. ಅದು ಕೆಂಪಗೆ ತಿರುಗಿತ್ತು.

"ಪೂರ್ತಿ ಹುಳಿಯಾಗಿದೆ," ಎಂದಳು. ಮುಖದಲ್ಲಿ ರಕ್ತವಿರಲಿಲ್ಲ. "ಮೊನ್ನೆ ಹೋಟೆಲಿಂದ ಬಂದ ಹಳಸಿದ್ದನ್ನ ನಾನೇ ಒಂದೇ ಸಲಕ್ಕೆ ಹಾಕ್ದೆ ಅಪ್ಪ. ಊರಿಗೆ ಹೋಗೋ ಗಡಿಬಿಡೀಲಿದ್ದೆ. ನಾನೇ ಮಾಡಿದ್ದು."

ಫಿಟ್ಟರು ಲೆಕ್ಕ ಹಾಕಿದರು. ಈಗ ಸುಮ್ಮನಿದ್ದರೆ ಸಾಕು; ನಾಲ್ಕು ದಿನ ಅತ್ತು, ಆಮೇಲೆ ಹೊರಟುಹೋಗುತ್ತಾಳೆ. "ಹೋಗ್ಲಿ ಬಿಡು," ಎಂದರು. "ಅದಕ್ಕೂ ವಯಸ್ಸಾಯ್ತು. ಎಲ್ಲರೂ ಸಿಲಿಂಡರ್ ತಗೊಂಡ್ರಾಯ್ತು."

"ಬಿಡೋದಾ?" ಸೊಸೆ ಅವರನ್ನು ಗುರುತು ಸಿಗದವರನ್ನು ನೋಡುವ ಹಾಗೆ ನೋಡಿದಳು.

ಅವಳು ಬಿಡಲಿಲ್ಲ. ಕೆಟ್ಟ ಗ್ಯಾಸನ್ನೆಲ್ಲ ಹೊರಗೆ ಬಿಟ್ಟಳು. ಮಾರುಕಟ್ಟೆಗೆ ಹೋಗುವುದನ್ನು ನಿಲ್ಲಿಸಿ, ಸುಣ್ಣ ಕದಡಿ ತಿಳಿನೀರನ್ನು ದಿನಕ್ಕಿಷ್ಟಿಷ್ಟೇ ಹೊಯ್ದಳು. ಹಾಲಿನವನ ಕೊಟ್ಟಿಗೆಯಿಂದ ಬಿಸಿ ಆರದ ಸಗಣಿ ತಂದು ಕೈಯಲ್ಲೇ ಕಲಸಿ, ಕೂಸಿಗೆ ಗಂಜಿ ಕುಡಿಸುವ ಹಾಗೆ ಸ್ವಲ್ಪಸ್ವಲ್ಪವಾಗಿ ಒಳಗೆ ಬಿಟ್ಟಳು. ಬೆಳಗಿನಿಂದ ಸಂಜೆವರೆಗೆ ಕೋಲು ತಿರುವಿದಳು. ಸುಣ್ಣಕ್ಕೆ ಅವಳ ಬೆರಳಸಂದಿಗಳು ಬಿರಿದು ರಕ್ತ ಜಿನುಗಿತು. ಫಿಟ್ಟರು ಕೋಲಿಗೆ ಕೈ ಹಾಕಲು ಹೋದರೆ, "ನೀವು ದೂರ ಇರಿ. ನಿಮ್ಮ ಸೊಂಟ ಹಿಡ್ಕೊಂಡ್ರೆ ಇಬ್ಬರು ರೋಗಿಗಳನ್ನ ನೋಡ್ಕೋಬೇಕಾಗುತ್ತೆ ನಾನು," ಎಂದು ನಗಲು ನೋಡಿದಳು. ಪ್ರತಿ ಸಂಜೆ ಕಾಗದದ ಚೂರು ಅದ್ದುವುದು. ಪ್ರತಿ ಸಂಜೆ ಅದು ಕೆಂಪಾಗುವುದು. ಒಂದು ದಿನ ಆ ಚೂರನ್ನು ಹಿಡಿದುಕೊಂಡೇ ಡ್ರಮ್ಮಿಗೆ ಹಣೆಯೊತ್ತಿ ಸದ್ದಿಲ್ಲದೆ ಅತ್ತಳು. ಫಿಟ್ಟರು ಮೆಟ್ಟಿಲ ಮೇಲೆ ಕೂತು ನೋಡಿದರು.

ಅಂಗಡಿಯ ರಜೆಯ ದಿನ ಕನ್ನಡಕದವನು ಬಂದ. ಅವಳಿಗೆಂದು ಒಂದು ಜೊತೆ ರಬ್ಬರ್ ಕೈಗವಸು ತಂದಿದ್ದ. ಏನೂ ಮಾತಾಡದೆ ಕೊಟ್ಟಿಗೆಗೂ ತೊಟ್ಟಿಗೂ ನಡುವೆ ಸಗಣಿ ಬಕೆಟ್ಟು ಹೊತ್ತ. ಬಸ್ಸಿನ ಹೊತ್ತಾದಾಗ ನಲ್ಲಿಯಲ್ಲಿ ಕೈ ತೊಳೆಯುತ್ತ, "ಹಾಗಾದ್ರೆ, ನಮ್ಮ ವಿಷಯ..." ಎಂದ.

"ಇದು ಸರಿಹೋಗೋವರೆಗೂ ಆ ಮಾತು ಬೇಡ," ಎಂದಳು ಸೊಸೆ.

"ಸರಿಹೋಗದಿದ್ರೆ?"

"ಸರಿಹೋಗ್ಬೇಕು."

ಅವನು ತಲೆಯಾಡಿಸಿದ. "ನಾನು ಕಾಯ್ತೀನಿ. ನನಗೇನು ಅವಸರ ಇಲ್ಲ," ಎಂದು ಹೇಳಿ, ಓಣಿಯ ತಿರುವಿನಲ್ಲಿ ಒಮ್ಮೆ ಹಿಂತಿರುಗಿ ನೋಡಿ ಹೋದ. ಅವನ ಪ್ಯಾಂಟಿನ ಅಂಚಿನಲ್ಲಿ ಸಗಣಿ ಒಣಗಿತ್ತು.

ಫಿಟ್ಟರಿಗೆ ತಡೆಯಲಾಗಲಿಲ್ಲ. ಮೆಟ್ಟಿಲಿಳಿದು ಬಂದರು. "ನಿನಗೇನು ಹುಚ್ಚಾ? ಕಬ್ಬಿಣ, ಸಿಮೆಂಟು! ಇದಕ್ಕೋಸ್ಕರ ಬಂದ ಬಾಳನ್ನ ಬಾಗಿಲಿಂದಾಚೆ ನಿಲ್ಲಿಸ್ತೀಯಾ? ಸಾಯ್ತಿದ್ರೆ ಸಾಯ್ಲಿ ಬಿಡು ಅದು!"

ಸೊಸೆ ಕೋಲು ತಿರುವುವುದನ್ನು ನಿಲ್ಲಿಸಲಿಲ್ಲ. "ಆವತ್ತು ಆಸ್ಪತ್ರೇಲಿ ನಿಮ್ಮ ಮಗ ಏನಂದ್ರು, ನೀವೂ ಅಲ್ಲೇ ಇದ್ರಲ್ಲ ಅಪ್ಪ. 'ಹೊಟ್ಟೆಬಾಕ ಹಸ್ಕೊಂಡಿರ್ತಾನೆ, ಹೋಗಿ ಹಾಕಿ ಬಾ' ಅಂದ್ರು. ನಂಗೆ ಮನಸ್ಸಿರಲಿಲ್ಲ. ಆದ್ರೂ ಬಂದೆ. ಸೊಪ್ಪು ಕೊಚ್ಚಿ ಹಾಕ್ದೆ, ಸ್ನಾನ ಮಾಡ್ದೆ, ಒಂದು ಲೋಟ ಚಹಾ ಕೂಡ ಕುಡಿದೆ. ವಾಪಸ್ ಹೋಗೋಷ್ಟರಲ್ಲಿ ನೀವು ಅವರ ಮುಖದ ಮೇಲೆ ಬಟ್ಟೆ ಎಳೆದುಬಿಟ್ಟಿದ್ರಿ." ಕೋಲು ಒಂದು ಸುತ್ತು ತಿರುಗಿತು. "ಸಾಯ್ತಾ ಇರೋದನ್ನ ಬಿಟ್ಟು ಎದ್ದು ಹೋಗೋದು ನನ್ನ ಕೈಲಿ ಇನ್ನೊಂದು ಸಲ ಆಗಲ್ಲ."

ಆವತ್ತು ಮಗನ ಕೈ ಫಿಟ್ಟರ ಕೈಯಲ್ಲಿತ್ತು. ಸೊಸೆ ಓಡಿ ಬಂದು ಬಾಗಿಲಲ್ಲಿ ನಿಂತದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅಷ್ಟಿದ್ದೂ ಈ ಕೆಲಸಕ್ಕೆ ಕೈ ಹಾಕುವಾಗ ಅದು ಅವರ ತಲೆಗೆ ಬರಲಿಲ್ಲ. ಕಡಿಯಲು ಹೋದ ಹಗ್ಗಕ್ಕೆ ತಾವೇ ಇನ್ನೊಂದು ಗಂಟು ಬಿಗಿದು ಕೂತಿದ್ದರು.

"ಅದು ತಾನಾಗಿ ಸಾಯ್ತಿಲ್ಲಮ್ಮ," ಎಂದರು. "ನಾನು ಕೊಂದಿದ್ದು."

ಸೊಸೆ ತಿರುಗಿ ನೋಡಿ ಸುಸ್ತಾದ ನಗೆ ನಕ್ಕಳು. "ನನ್ನ ಕಳ್ಸೋಕೆ ಇದೊಂದು ಬಾಕಿ ಇತ್ತು. ನಿಮಗೆ ಸುಳ್ಳು ಹೇಳೋಕೂ ಬರಲ್ಲ ಅಪ್ಪ."

ಫಿಟ್ಟರು ಷೆಡ್ಡಿನ ಹಿಂದೆ ಹೋಗಿ ಗೋಣಿ ಎಳೆದರು. ಕ್ರೇಟುಗಳು ಹಾಗೇ ಇದ್ದವು. ತಳಕ್ಕೆ ಅಂಟಿದ್ದ ಸಿಪ್ಪೆಗಳು ಒಣಗಿ ಕಪ್ಪಾಗಿದ್ದವು; ಮೇಲೆ ಸಣ್ಣ ನೊಣಗಳು ಎದ್ದವು. ಸೊಸೆ ಹತ್ತಿರ ಬಂದು ಒಂದು ಸಿಪ್ಪೆ ಕಿತ್ತು ಮೂಸಿದಳು. ಬಹಳ ಹೊತ್ತು ಅದನ್ನೇ ನೋಡಿದಳು.

"ಯಾವಾಗ?"

"ನೀನು ಅವರ ಮನೆಗೆ ಹೋದ ದಿನ. ನೀನು ಹೋಗ್ಲಿ ಅಂತ... ನಿನ್ನ ಬಾಳು ಇಲ್ಲೇ ಕೊಳೆತು ಹೋಗಬಾರ್ದು ಅಂತ."

"ಇಷ್ಟು ದಿನ ಸುಣ್ಣ ಕದಡ್ತಿದ್ದೆ. ನೋಡ್ತಿದ್ರಿ."

"ಹ್ಞೂಂ."

"ನಾನೇ ಮಾಡ್ದೆ, ನಾನೇ ಮಾಡ್ದೆ ಅಂತ ಓಣಿಯೋರ ಮುಂದೆಲ್ಲ ಹೇಳ್ಕೊಂಡು ಅತ್ತೆ. ಆಗ್ಲೂ ನೋಡ್ತಿದ್ರಿ."

ಫಿಟ್ಟರು ಕೈಯಲ್ಲಿದ್ದ ಗೋಣಿಯನ್ನು ಮಡಚತೊಡಗಿದರು.

ಅವಳ ದನಿ ಏರಲಿಲ್ಲ. ಏರಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು. "ಆವತ್ತು ಸಂಜೆ ಒಂದು ಮಾತು ಹೇಳ್ಬೇಕು ಅಂದೆ, ತಲೆ ನೋವು ಅಂತ ಮಲಗಿದ್ರಿ. ಏನು ಹೇಳೋಕೆ ಬಂದಿದ್ದೆ ಗೊತ್ತಾ? ಒಪ್ಪಿಕೊಂಡು ಬಂದಿದ್ದೆ ನಾನು. ದಿನದ ಕೆಲಸಕ್ಕೆ ಟೈಲರಕ್ಕನೂ ಕೈ ಜೋಡಿಸ್ತೀನಿ ಅಂದಿದ್ರು. ಪ್ರತಿ ಭಾನುವಾರ ಬಂದು ಹೊಟ್ಟೆಬಾಕನ್ನ ನೋಡ್ಕೊಂಡು ಹೋಗ್ತೀನಿ, ಅದಕ್ಕೆ ಅಡ್ಡ ಬರಬಾರ್ದು ಅಂತ ಕನ್ನಡಕದವರ ಹತ್ರ ಮಾತು ತಗೊಂಡಿದ್ದೆ." ಸಿಪ್ಪೆಯನ್ನು ಕ್ರೇಟಿನೊಳಗೆ ಹಾಕಿದಳು. "ಇದನ್ನ ನೋಡೋ ನೆಪದಲ್ಲಿ ನಿಮ್ಮನ್ನ ನೋಡಿದ ಹಾಗಾಗುತ್ತೆ ಅಂತ."

ಮಾರುಕಟ್ಟೆಯ ಗೋಡೆಯಾಚೆ ಯಾರೋ ಟೊಮೆಟೊ ಕೂಗುತ್ತಿದ್ದರು.

"ಹೋಗು ಅಂದಿದ್ರೆ ಹೋಗ್ತಿದ್ದೆ, ಇರು ಅಂದಿದ್ರೆ ಇರ್ತಿದ್ದೆ. ಕದ್ದು ಹಾಲು ಕುಡಿಯೋ ಬೆಕ್ಕನ್ನ ಕಲ್ಲು ಹೊಡೆದು ಓಡಿಸ್ತಾರೆ. ನನ್ನ ಕೇಳ್ಬಹುದಿತ್ತಲ್ಲ ಮಾವ."

ಅಷ್ಟು ವರ್ಷಗಳ ಮೇಲೆ ಕೇಳಿದ ಆ ಕೊನೆಯ ಮಾತಿಗೆ ಫಿಟ್ಟರು ಅಲ್ಲೇ ಕ್ರೇಟಿನ ಮೇಲೆ ಕೂತುಬಿಟ್ಟರು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಸೊಸೆ ತಾನೇ ಫೋನು ಮಾಡಿ ಕನ್ನಡಕದವನನ್ನು ಕರೆಸಿದಳು. ಎರಡು ಚೀಲಗಳಲ್ಲಿ ಅವಳ ಬದುಕು ಹಿಡಿಸಿತು. ಹೊರಡುವ ದಿನ ತೊಟ್ಟಿಯ ಹತ್ತಿರ ಟೈಲರಮ್ಮನನ್ನು ನಿಲ್ಲಿಸಿಕೊಂಡು, ಸುಣ್ಣ ಎಷ್ಟು, ಸಗಣಿ ಎಷ್ಟು, ಮತ್ತೆ ಸೊಪ್ಪು ಯಾವಾಗ ಶುರುಮಾಡಬೇಕು, ಎಲ್ಲವನ್ನೂ ಹೇಳಿಕೊಟ್ಟಳು. ಫಿಟ್ಟರು ನಾಲ್ಕು ಮಾರು ಆಚೆಗೆ ನಿಂತಿದ್ದರು. "ಅವರಿಗೂ ಹೇಳಿಬಿಡಿ ಅಕ್ಕ, ಭಾರ ಎತ್ತೋದು ಬೇಡ ಅಂತ," ಎಂದಳು, ಅವರು ಬೇರೆ ಯಾವುದೋ ಊರಿನಲ್ಲಿದ್ದಾರೇನೋ ಎಂಬ ಹಾಗೆ. ಟೈಲರಮ್ಮ ಅವಳ ಮುಖ ನೋಡಿದಳು, ಫಿಟ್ಟರ ಮುಖ ನೋಡಿದಳು, ಕೋಲು ಕೈಗೆ ತೆಗೆದುಕೊಂಡಳು.

ಓಣಿಯ ಒಂದೊಂದು ಬಾಗಿಲಲ್ಲೂ ನಿಂತು ಸೊಸೆ, "ಬರ್ತೀನಿ ಅಕ್ಕ," "ಬರ್ತೀನಿ ಅಜ್ಜಿ," ಎಂದಳು. ಕನ್ನಡಕದವನು ಚೀಲಗಳನ್ನು ಹಿಡಿದು, "ಹೋಗ್ಬರ್ತೀವಿ," ಎಂದು ಫಿಟ್ಟರಿಗೆ ಕೈ ಮುಗಿದ. ಕೊನೆಗೆ ಅವಳು ಅವರೆದುರು ಬಂದಳು. ಅವರ ಅಂಗಿಯ ಗುಂಡಿಯೊಂದು ತಪ್ಪು ಕಾಜಕ್ಕೆ ಹೋಗಿತ್ತು. ಅವಳ ಕೈ ಅದರ ಕಡೆ ಅರ್ಧ ಎದ್ದು, ನಿಂತು, ಕೆಳಗಿಳಿಯಿತು.

"ಹೋಗ್ತೀನಿ ಮಾವ," ಎಂದಳು.

ಹೋಗುವವರು ಆಡದ ಮಾತು ಅದು. ಫಿಟ್ಟರು 'ಬರ್ತೀನಿ ಅನ್ನಮ್ಮ' ಎನ್ನುವಷ್ಟರಲ್ಲಿ ಅವಳು ಓಣಿಯ ತಿರುವು ದಾಟಿದ್ದಳು. ಮದುವೆಗೆ ಸಾಕ್ಷಿಯಾಗಿ ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಲು ಟೈಲರಮ್ಮ ಹೋಗಿ ಬಂದಳು. "ಚೆನ್ನಾಗಿ ಆಯ್ತು," ಎಂದಷ್ಟೇ ಹೇಳಿ ಹೊಲಿಗೆ ಯಂತ್ರದ ಮುಂದೆ ಕೂತಳು. ಭಾನುವಾರ ಬಂತು. ಫಿಟ್ಟರು ಗಡ್ಡ ಹೆರೆದುಕೊಂಡು, ಬಸ್ಸು ಬರುವ ಹೊತ್ತಿಗೆ ಓಣಿಯ ತಿರುವಿನಲ್ಲಿ ಏನೋ ಕೆಲಸವಿದ್ದವರ ಹಾಗೆ ನಿಂತರು. ಬಸ್ಸು ಬಂದು ಹೋಯಿತು. ಮುಂದಿನ ಭಾನುವಾರವೂ ನಿಂತರು.

ಅದರ ಮುಂದಿನ ವಾರದ ನಡುವೆ ಒಂದು ಬೆಳಿಗ್ಗೆ, "ಹತ್ತಿತು! ಹತ್ತಿತ್ರೀ!" 
ಎಂದು ಟೈಲರಮ್ಮ ಕೂಗಿದಳು. ಫಿಟ್ಟರು ಓಣಿಗೆ ಬಂದರು. ಒಂದು ಮನೆಯಿಂದ ಇನ್ನೊಂದಕ್ಕೆ ಸುದ್ದಿ ಹರಿಯಿತು. "ನಮ್ಮಲ್ಲೂ ಬಂತು!" "ನೀಲಿ ಉರಿ, ನೋಡಿ ಹೇಗಿದೆ!" ಅಡುಗೆಮನೆಗಳಿಂದ ಪಾತ್ರೆ ಸದ್ದು, ಮಕ್ಕಳ ಗಲಾಟೆ. "ನಿಮ್ಮ ಸೊಸೆ ಕೈಗುಣ ಫಿಟ್ಟರೇ," ಎಂದು ಎದುರುಮನೆಯ ಅಜ್ಜಿ ಕಣ್ಣೊರೆಸಿಕೊಂಡಳು. "ಹೋದ ಪ್ರಾಣ ತಂದಳು. ಮೊದಲು ಅವಳಿಗೆ ಫೋನ್ ಮಾಡಿ ಹೇಳಿ."

ಫಿಟ್ಟರು ಫೋನು ಮಾಡಿದರು. ಅವಳು ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಕನ್ನಡಕದವನಿಗೆ ಮಾಡಿದರು.

"ಗ್ಯಾಸು ಬಂತು ಅಂತ ಹೇಳಪ್ಪ ಅವಳಿಗೆ. ಎಲ್ಲರ ಮನೇಲೂ ಹತ್ತಿದೆ ಅಂತ ಹೇಳು."

"ಹೌದಾ! ಇರಿ, ಇಲ್ಲೇ ಇದ್ದಾಳೆ, ಕೊಡ್ತೀನಿ." ಹೆಜ್ಜೆ ಸದ್ದು ಕೇಳಿತು, ತಗ್ಗಿದ ದನಿಯಲ್ಲಿ ಏನೋ ಮಾತು. ಅವನು ಮರಳಿ ಬಂದಾಗ ಅವನ ಸಂಕೋಚ ಇನ್ನೂ ಹೆಚ್ಚಾಗಿತ್ತು. "ಅದು... ಕೈ ಹಿಟ್ಟಾಗಿದೆಯಂತೆ. ಆಮೇಲೆ ಮಾಡ್ತಾಳಂತೆ."

"ಆಗ್ಲಿ, ಆಗ್ಲಿ. ಅವಸರ ಏನಿಲ್ಲ. ಸುದ್ದಿ ಹೇಳಿದೆಯಲ್ಲ, ಸಾಕು."

ಅವನು ಫೋನನ್ನು ಎಲ್ಲೋ ಇಟ್ಟ, ಕರೆ ಕಡಿಯುವುದನ್ನು ಮರೆತಿದ್ದ. ಫಿಟ್ಟರೂ ಕಡಿಯಲಿಲ್ಲ. ನಲ್ಲಿ ನೀರು ಬೀಳುವ ಸದ್ದು. ಕುರ್ಚಿಯೊಂದನ್ನು ಎಳೆದ ಸದ್ದು. ಆಮೇಲೆ ಅವಳ ದನಿ, ದೂರದಿಂದ, ಸ್ಪಷ್ಟವಾಗಿ: "ಅಮ್ಮ, ಉಪ್ಪು ಎಲ್ಲಿಟ್ಟಿದ್ದೀರಿ?"

"ಅಲ್ಲೇ, ನಿನ್ನ ಬಲಗಡೆ, ಮೇಲಿನ ಹಲಗೆ ಮೇಲೆ," ಎಂದು ವಯಸ್ಸಾದ ಹೆಂಗಸೊಬ್ಬಳು ಹೇಳಿದಳು.

ಓಣಿಯ ನಡುವೆ, ಎರಡೂ ಬದಿಯ ತೆರೆದ ಬಾಗಿಲುಗಳ ಮಧ್ಯೆ, ಫಿಟ್ಟರು ಫೋನನ್ನು ಕಿವಿಗೆ ಒತ್ತಿ ಹಿಡಿದು ನಿಂತರು. ಆ ಕಡೆ ಡಬ್ಬಿಗಳು ಒಂದಕ್ಕೊಂದು ತಾಗಿದವು. ಅವಳು ಹುಡುಕುತ್ತಿದ್ದಳು. ಆಮೇಲೆ ಮುಚ್ಚಳವೊಂದು ತೆರೆಯಿತು.